ಅಣ್ಣ ಕೇಳಿ ಪಾಸು ಮಾಡಿದ ಲೈನು

ಹರಪನಹಳ್ಳಿ
4 ಜೂನ್ 2007

ಅಣ್ಣನಿಗೆ ಗಂಗಾಂಬಿಕೆಯ ಶರಣು.

ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ಅತ್ತಿಗೆಯೇ ಎತ್ತಿದರು. ಒಮ್ಮೆ ನೀನು ಹಿತ್ತಲಲ್ಲಿದ್ದೀ ಅಂದರು, ಒಮ್ಮೆ ಮಠಕ್ಕೆ ಹೋಗಿದ್ದೀ ಅಂದರು, ಒಮ್ಮೆ ಮಲಗಿದ್ದೀ ಅಂದರು. ಟೆಲಿಫೋನ್ ಇಲಾಖೆಯಲ್ಲಿ ಮೂವತ್ತೆರಡು ವರ್ಷ ಲೈನ್‌ಮನ್ ಆಗಿದ್ದವನಿಗೆ ರಿಟೈರ್ ಆದ ಮೇಲೆ ಫೋನ್ ಕಂಡರೆ ಆಗುವುದಿಲ್ಲವೆಂದರೆ ಯಾರಾದರೂ ನಕ್ಕಾರು. ಹೋಗಲಿ, ಈ ವರ್ಷವೆಲ್ಲ ನೀನು ಪತ್ರವನ್ನೇ ಬರೆಯುತ್ತಿದ್ದೀ, ನಾನೂ ಇನ್‌ಲ್ಯಾಂಡ್ ತಂದು ಕೂತಿದ್ದೇನೆ.

ನನ್ನ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಸ್ಥಿತಿ ನಿನಗೆ ಗೊತ್ತಿಲ್ಲದ್ದೇನಲ್ಲ. ಒಂದು ಕಾಲಕ್ಕೆ ಬ್ಯಾಚಿಗೆ ಇಪ್ಪತ್ತು ಜನರಂತೆ ಮೂರು ಬ್ಯಾಚು ನಡೆಸಿದವಳು. ಈಗ ಆರೇ ಹುಡುಗಿಯರು. ಅವರೂ ಕೈ ಟೈಪ್ ಮಾಡುತ್ತಿರುತ್ತದೆ, ಕಣ್ಣು ಎದುರಿನ ಕಂಪ್ಯೂಟರ್ ಅಂಗಡಿಯ ಮೇಲಿರುತ್ತದೆ. ನಾಲ್ಕು ಕಂಪ್ಯೂಟರ್ ಹಾಕುವುದೆಂದು ನಿರ್ಧಾರ ಮಾಡಿದ್ದೇನೆ. ಡಿ.ಎಡ್. ಕಾಲೇಜಿನ ಪ್ರಿನ್ಸಿಪಾಲ್ ಪಾಲಾಕ್ಷಪ್ಪನವರು ತಮ್ಮ ಅರವತ್ತು ವಿದ್ಯಾರ್ಥಿಗಳಿಗೆ ಕಂಪ್ಯೂಟರ್, ಇಂಟರ್‌ನೆಟ್ ಕಲಿಸಲು ಒಂದು ಜಾಗ ಹುಡುಕುತ್ತಿದ್ದಾರೆ. ಆಗಸ್ಟ್ ಹತ್ತರಂದು ಬಂದು ಬೆಳಿಗ್ಗೆಯಿಂದ ಸಂಜೆಯವರೆಗೆ ಕೂರುತ್ತಾರಂತೆ. ಆ ದಿನ ನೆಟ್ ಕಡಿಯದೆ ನಡೆದರೆ ಕೆಲಸ ನನ್ನದು. ನಡೆಯದಿದ್ದರೆ ಉಳಿದಿರುವ ಹತ್ತು ಟೈಪಿಂಗ್ ಮಷಿನ್‌ಗಳನ್ನೂ ತೂಕಕ್ಕೆ ಹಾಕಿ ಬಾಗಿಲು ಮುಚ್ಚುತ್ತೇನೆ. ಇಪ್ಪತ್ತೊಂದು ವರ್ಷ ಇದರ ಮೇಲೇ ಬದುಕಿದವಳು, ಬೇರೆ ಏನು ಮಾಡಲಿ ಎಂದು ನನಗೆ ತಿಳಿಯುವುದಿಲ್ಲ.

ನೆಟ್ಟಿಗೆ ಇಲ್ಲಿ ಎರಡು ದಾರಿ ಇವೆ. ನಿಮ್ಮ ಇಲಾಖೆಯವರು ಫೋನಿನ ತಂತಿಯಲ್ಲೇ ಬ್ರಾಡ್‌ಬ್ಯಾಂಡ್ ಕೊಡುತ್ತಾರೆ. ಟಿ.ವಿ. ಕೇಬಲ್ ನಡೆಸುವ ಕಾಂತೇಶ್ ಅರ್ಧ ಬಾಡಿಗೆಗೆ ಕೊಡುತ್ತೇನೆ ಅನ್ನುತ್ತಾನೆ. ಮನೆಗೆ ಒಂದು ಪ್ಲಾನು, ಆಫೀಸಿಗೆ ಒಂದು ಪ್ಲಾನು ಅಂತ ಬೇರೆ. ನನಗೆ ಮನೆಯೂ ಆಫೀಸೂ ಒಂದೇ ಗೋಡೆಯ ಎರಡು ಮಗ್ಗಲು. ಮನೆಯ ಪ್ಲಾನ್ ತೆಗೆದುಕೊಂಡು ಗೋಡೆಯಲ್ಲಿ ಒಂದು ತೂತು ಕೊರೆದರೆ ಮುಗಿಯಲಿಲ್ಲವೇ? ನೀನು ಹೇಳಿದ್ದನ್ನೇ ಹಾಕಿಸುತ್ತೇನೆ, ಬೇಗ ಬರೆ.

ಗಂಗಾ


ಕೊಟ್ಟೂರು
9 ಜೂನ್ 2007

ಗಂಗಾಳಿಗೆ ಆಶೀರ್ವಾದ.

ಪತ್ರ ಮುಟ್ಟಿತು. ಇಂಥ ವಿಷಯ ಫೋನಿನಲ್ಲಿ ಹೇಳಿದರೆ ನೀನು ಅರ್ಧ ಮರೆಯುತ್ತೀ, ಉಳಿದರ್ಧಕ್ಕೆ ವಾದ ಹೂಡುತ್ತೀ. ಅದಕ್ಕೇ ಬರೆಯುತ್ತಿದ್ದೇನೆ, ಬೇರೆ ಅರ್ಥ ಹುಡುಕಬೇಡ.

ಮೊದಲು ಗೋಡೆಯ ತೂತಿನ ವಿಚಾರ. ಮನೆಯ ಹೆಸರಿನಲ್ಲಿ ತೆಗೆದು ಆಫೀಸಿನಲ್ಲಿ ನಡೆಸುವ ಪಾಪದಲ್ಲಿ ನನಗೆ ಪಾಲು ಬೇಡ. ನಾನು ಇಲಾಖೆಯ ಪಿಂಚಣಿ ತಿನ್ನುವವ. ಅಲ್ಲದೆ ಮನೆಯ ಪ್ಲಾನಿನಲ್ಲಿ ತಿಂಗಳಿಗೆ ಇಷ್ಟೇ ಎಂಬ ಮಿತಿ ಇರುತ್ತದೆ, ನಿನ್ನ ನಾಲ್ಕು ಕಂಪ್ಯೂಟರ್ ಅದನ್ನು ವಾರದೊಳಗೆ ತಿಂದು ಮುಗಿಸುತ್ತವೆ. ಆಮೇಲೆ ಮೇಲಿನದಕ್ಕೆಲ್ಲ ಬೇರೆ ದರ. ಆಫೀಸ್ ಪ್ಲಾನನ್ನೇ ತೆಗೆದುಕೊ.

ಇನ್ನು ಕಾಂತೇಶನ ಕೇಬಲ್. ಅಗ್ಗ ಎಂಬುದೇ ಅದರ ದೊಡ್ಡ ಗುಣ. ಓಣಿಯ ಮನೆಗಳಿಗೆಲ್ಲ ಸೇರಿ ಒಂದೇ ಕೇಬಲ್. ಎಲ್ಲರೂ ಒಮ್ಮೆಗೇ ಕೂತರೆ ಒಬ್ಬೊಬ್ಬರ ಪಾಲಿಗೆ ಬರುವುದು ಸ್ವಲ್ಪವೇ, ಹಬ್ಬದ ಊಟಕ್ಕೆ ನೆಂಟರು ಹೆಚ್ಚಾದಂತೆ. ಮಾಳಿಗೆಯಿಂದ ಮಾಳಿಗೆಗೆ ಎಳೆದ ವೈರಿನ ಮೇಲೆ ಮಂಗಗಳು ಜೋಕಾಲಿ ಆಡುವುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಅವನ ಮನೆಯಲ್ಲಿ ಕರೆಂಟ್ ಹೋದರೆ ನಿನ್ನ ನೆಟ್ಟೂ ಹೋಯಿತು. ಫೋನ್ ಲೈನ್ ಹಾಗಲ್ಲ. ಎಕ್ಸ್‌ಚೇಂಜಿನಿಂದ ನಿನ್ನ ಟೇಬಲ್ಲಿನವರೆಗೆ ಎರಡೆಳೆ ತಾಮ್ರ, ಅದು ನಿನ್ನದೊಬ್ಬಳದೇ. ಕಾಗದದ ಮೇಲೆ ವೇಗ ಕಡಿಮೆ ಕಾಣಬಹುದು, ಆದರೆ ಬೆಳಿಗ್ಗೆ ಎಷ್ಟೋ ಸಂಜೆಯೂ ಅಷ್ಟೇ.

ಒಂದೇ ಷರತ್ತು, ಲೈನ್ ಶುದ್ಧವಿರಬೇಕು. ಎಲ್ಲಾದರೂ ಜಾಯಿಂಟ್ ಸಡಿಲವಿದ್ದರೆ ಮಾತು ಹೇಗೋ ದಾಟಿ ಹೋಗುತ್ತದೆ, ನೆಟ್ ದಾಟುವುದಿಲ್ಲ. ರಿಸೀವರ್ ಕಿವಿಗಿಟ್ಟುಕೊಂಡರೆ ಸಾಕು, ಕರಕರ ಅಂದರೆ ದೋಷ ಇದೆ ಎಂದು ತಿಳಿ. ಗುರುವಾರ ನಾನೇ ಬಂದು ಕೇಳಿ ನೋಡುತ್ತೇನೆ. ನಾನು ಪಾಸು ಮಾಡಿದ ಲೈನು ಈವರೆಗೆ ಫೇಲ್ ಆಗಿಲ್ಲ.

ಹಾಲೇಶಪ್ಪ


ಹರಪನಹಳ್ಳಿ
27 ಜೂನ್ 2007

ಅಣ್ಣಾ,

ನೀನು ಬಂದು ಹೋದ ಎರಡನೇ ದಿನವೇ ಅರ್ಜಿ ಹಾಕಿದೆ, ವಾರದಲ್ಲಿ ಮೋಡೆಮ್ ಬಂತು. ಹಸಿರು ದೀಪ ಹತ್ತಿದಾಗ ಹುಡುಗಿಯರಿಗೆಲ್ಲ ಮಂಡಕ್ಕಿ, ಮಿರ್ಚಿ ತರಿಸಿದೆ. ಆ ಸಂಭ್ರಮ ಎರಡು ದಿನವೂ ಉಳಿಯಲಿಲ್ಲ. ಆ ದೀಪ ಇದ್ದಕ್ಕಿದ್ದಂತೆ ಮಿಣಮಿಣ ಅಂದು ಆರುತ್ತದೆ. ಐದು ನಿಮಿಷ ಬಿಟ್ಟು ತಾನೇ ಹತ್ತುತ್ತದೆ, ಮತ್ತೆ ಆರುತ್ತದೆ.

ಬೆಳಿಗ್ಗೆ ನಾನೊಬ್ಬಳೇ ಇರುವಾಗ ತುಂಬ ಚೆನ್ನಾಗಿರುತ್ತದೆ. ಹುಡುಗಿಯರು ಬಂದು ಟೈಪಿಂಗಿಗೆ ಕೂತರೆಂದರೆ ಶುರು. ಹಳೆಯ ಮಷಿನ್‌ಗಳಿಗೆ ಹೊಸ ಕಂಪ್ಯೂಟರ್ ಕಂಡು ಹೊಟ್ಟೆಕಿಚ್ಚು ಎಂದು ಅವರು ನಗುತ್ತಾರೆ. ನನಗೆ ನಗು ಬರುವುದಿಲ್ಲ. ಫೋನಿನಲ್ಲಿ ಒಂದಿಷ್ಟು ಕರಕರ ಎಂದಿನಿಂದಲೋ ಇತ್ತು, ಮಾತಿಗೆ ಅಡ್ಡಿಯಾಗದ್ದರಿಂದ ನಾನು ಲಕ್ಷ್ಯ ಕೊಟ್ಟಿರಲಿಲ್ಲ. ಆದರೆ ನೀನು ಬಂದ ದಿನ ಹುಡುಗಿಯರು ಟೈಪ್ ಮಾಡುತ್ತಲೇ ಇದ್ದರು. ಮಷಿನ್ ನಿಲ್ಲಿಸಲಾ ಎಂದು ಕೇಳಿದೆ, ನೀನು ಉತ್ತರ ಕೊಡಲಿಲ್ಲ. ರಿಸೀವರ್ ಕಿವಿಗಿಟ್ಟುಕೊಂಡು ಕಣ್ಣು ಮುಚ್ಚಿ ನಿಂತೆ. ಆಮೇಲೆ, "ಲೈನ್ ಹಾಲು ಇದ್ದಂಗೈತಿ ತಂಗೀ, ಕಣ್ಮುಚ್ಚಿ ತಗಾ" ಅಂದೆ. ನಾನು ಅದನ್ನೇ ನಂಬಿದೆ.

ಮೊನ್ನೆ ಫೋನ್ ಮಾಡಿದಾಗ ಅಂತೂ ನೀನೇ ಹಿಡಿದೆ. ಇಷ್ಟೆಲ್ಲ ಹೇಳಿದೆ. "ಹೂಂ, ಹೂಂ, ಆತು" ಅಂದು ಇಟ್ಟುಬಿಟ್ಟೆ. ಏನು ಆಯಿತು? ಕೆಲಸವಿದ್ದರೆ ಹೇಳು, ಕಾಯುತ್ತೇನೆ. ಹೀಗೆ ಕೈ ತೊಳೆದುಕೊಳ್ಳುವುದು ಬೇಡ.

ಗಂಗಾ


ಕೊಟ್ಟೂರು
1 ಜುಲೈ 2007

ಗಂಗಾಳಿಗೆ ಆಶೀರ್ವಾದ.

ಮೋಡೆಮ್ ಬಿಸಿಯಾಗಿರಬಹುದು, ಫ್ಯಾನಿನ ಗಾಳಿ ಬೀಳುವ ಕಡೆ ಇಡು. ಫೋನಿಗೂ ಮೋಡೆಮ್ಮಿಗೂ ನಡುವೆ ಒಂದು ಪುಟ್ಟ ಡಬ್ಬಿ ಕೊಟ್ಟಿರುತ್ತಾರೆ, ಅದನ್ನು ಬದಲಿಸಲು ಹೇಳು. ಲೈನಿನಲ್ಲಿ ದೋಷವಿಲ್ಲ, ನಾನೇ ಕೇಳಿದ್ದೇನಲ್ಲ. ನಿನ್ನ ಅತ್ತಿಗೆಗೆ ಮಂಡಿ ನೋವು, ಉಳಿದಂತೆ ಎಲ್ಲ ಕ್ಷೇಮ.

ಹಾಲೇಶಪ್ಪ


ಹರಪನಹಳ್ಳಿ
11 ಜುಲೈ 2007

ಅಣ್ಣನಿಗೆ,

ಮೋಡೆಮ್ ಫ್ಯಾನಿನ ಕೆಳಗೆ ಇಟ್ಟೆ. ಡಬ್ಬಿ ಬದಲಿಸಿದೆ. ಹೊಸ ಮೋಡೆಮ್ಮನ್ನೇ ತಂದು ಹಾಕಿ ನೋಡಿದರು. ಏನೂ ಆಗಲಿಲ್ಲ. ಇಲಾಖೆಯ ಮೆಕ್ಯಾನಿಕ್ ಯರ್ರಿಸ್ವಾಮಿ ಕಂಬದಿಂದ ಬಾಗಿಲಿನವರೆಗೆ ಮೀಟರ್ ಇಟ್ಟು ನೋಡಿ ಅಲ್ಲಿಯವರೆಗೆ ಎಲ್ಲ ಸರಿಯಿದೆ, ದೋಷವಿದ್ದರೆ ಕಟ್ಟಡದ ಒಳಗೇ ಅಂದ. ಒಳಗೆ ಎಲ್ಲಿ ಎಂದರೆ, ವೈರೆಲ್ಲ ಗಾರೆಯ ಹಿಂದೆ ಹೋಗಿದೆ, ಎಳೆದವರನ್ನೇ ಕೇಳಿರಿ ಅಂದ. ಎಳೆದವನು ನೀನು.

ನಿನ್ನೆ ನಮ್ಮ ಹುಡುಗಿಯರಲ್ಲಿ ಒಬ್ಬಳಾದ ಮೇಘಾಳನ್ನು ಕರೆದುಕೊಂಡು ಹೋಗಲು ಅವಳ ಅಜ್ಜಿ ದ್ಯಾಮಕ್ಕ ಬಂದಿದ್ದಳು. ಎಪ್ಪತ್ತು ದಾಟಿದ ಮುದುಕಿ. ಸುಮ್ಮನೆ ರಿಸೀವರ್ ಅವಳ ಕಿವಿಗೆ ಹಿಡಿದೆ. "ಒಲ್ಯಾಗ ಹಸಿ ಕಟಗಿ ಸಿಡದಂಗ ಸಿಡೀತತಲ್ಲವ್ವಾ" ಅಂದಳು. ದ್ಯಾಮಕ್ಕನಿಗೆ ಕೇಳಿಸಿದ್ದು ಮೂವತ್ತೆರಡು ವರ್ಷ ಬರೀ ಕೇಳಿ ಕೇಳಿಯೇ ಸಂಬಳ ತೆಗೆದುಕೊಂಡ ನಿನಗೆ ಕೇಳಲಿಲ್ಲವೇ?

ನನಗೆ ಒಂದೇ ಅರ್ಥವಾಗುತ್ತಿದೆ. ನಾನು ಕಾಂತೇಶನ ಹತ್ತಿರ ಹೋಗಬಾರದೆಂದು ಕೇಳಿಯೂ ಕೇಳದಂತೆ ಸುಳ್ಳು ಹೇಳಿದೆ. ನನ್ನ ಅನ್ನಕ್ಕಿಂತ ನಿನಗೆ ನಿನ್ನ ಇಲಾಖೆಯ ಮರ್ಯಾದೆ ದೊಡ್ಡದಾಯಿತು. ಅಪ್ಪ ಹೋದ ಮೇಲೆ ಈ ಇನ್‌ಸ್ಟಿಟ್ಯೂಟ್ ಇಡಿಸಿಕೊಟ್ಟವನೂ ನೀನೇ, ಮುಚ್ಚಿಸುವವನೂ ನೀನೇ ಆಗುತ್ತೀ. ಇನ್ನು ನಿನ್ನನ್ನು ಏನೂ ಕೇಳುವುದಿಲ್ಲ. ಕಾಂತೇಶನಿಗೆ ಹೇಳಿಯಾಯಿತು.

ಗಂಗಾಂಬಿಕಾ


ಹರಪನಹಳ್ಳಿ
25 ಜುಲೈ 2007
(ಕಾರ್ಡು)

ಅಣ್ಣಾ, ಎರಡು ವಾರವಾಯಿತು, ಪತ್ರವಿಲ್ಲ. ಅತ್ತಿಗೆಗೆ ಫೋನ್ ಮಾಡಿದರೆ ನೀನು ಊಟ ಸರಿಯಾಗಿ ಮಾಡುತ್ತಿಲ್ಲ ಅಂದರು. ಯಾಕೆಂದರೆ ಹೇಳಲಿಲ್ಲ. ಕಾಂತೇಶನ ನೆಟ್ ಬಂದಿದೆ. ಓಡುವಾಗ ಕುದುರೆಯಂತೆ ಓಡುತ್ತದೆ. ದಿನಾ ಮಧ್ಯಾಹ್ನ ಅವನ ಓಣಿಯಲ್ಲಿ ಎರಡು ತಾಸು ಕರೆಂಟ್ ತೆಗೆಯುತ್ತಾರೆ, ಆಗ ನಿಂತೇಬಿಡುತ್ತದೆ. ಪ್ರಿನ್ಸಿಪಾಲರು ಬರಲು ಹದಿನಾರು ದಿನ ಉಳಿದಿವೆ. ಬೈದಾದರೂ ಒಂದು ಪತ್ರ ಬರೆ.


ಕೊಟ್ಟೂರು
28 ಜುಲೈ 2007

ಗಂಗಾ,

ಈ ಪತ್ರವನ್ನು ನಾಲ್ಕು ಸಲ ಬರೆದು ಹರಿದೆ. ಇದನ್ನು ಹರಿಯಬಾರದೆಂದು ನಿನ್ನ ಅತ್ತಿಗೆ ನಾಗಲಿಂಗಮ್ಮ ಪಕ್ಕದಲ್ಲೇ ಕೂತಿದ್ದಾಳೆ.

ನನಗೆ ಕಿವಿ ಕೇಳುವುದಿಲ್ಲ. ಹೋದ ವರ್ಷ ದೀಪಾವಳಿಯ ಹೊತ್ತಿಗೆ ಬಲಗಿವಿ ಹೋಯಿತು, ಸಂಕ್ರಾಂತಿ ಕಳೆದ ಮೇಲೆ ಎಡಗಿವಿಯೂ ಹೋಯಿತು. ದಾವಣಗೆರೆಯ ಡಾಕ್ಟರು ನರ ಸತ್ತಿದೆ, ಯಂತ್ರ ಹಾಕಿದರೂ ಹೆಚ್ಚು ಪ್ರಯೋಜನವಿಲ್ಲ ಅಂದರು. ನಾಗಲಿಂಗಮ್ಮನಿಗೆ ಬಿಟ್ಟರೆ ಯಾರಿಗೂ ಹೇಳಿಲ್ಲ. ಟೆಲಿಫೋನಿನ ಹಾಲೇಶಪ್ಪ ಕಿವುಡಾದನಂತೆ ಎಂದು ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಜನ ಆಡಿಕೊಳ್ಳುವುದು ನನಗೆ ಬೇಕಿರಲಿಲ್ಲ. ಅದಕ್ಕೇ ಪತ್ರ. ಹೋದ ತಿಂಗಳು ಫೋನಿನಲ್ಲಿ ನೀನು ಹೇಳಿದ ಒಂದು ಮಾತೂ ನನಗೆ ಗೊತ್ತಿಲ್ಲ. ನಾಗಲಿಂಗಮ್ಮ ನಿನ್ನ ಹೆಸರು ಹೇಳಿ ರಿಸೀವರ್ ಕೈಗೆ ತುರುಕಿದಳು. ಸುಮ್ಮನಿದ್ದರೆ ನೀನು ಗಾಬರಿಯಾಗುತ್ತೀ ಎಂದು ಹೂಂ ಅಂದೆ.

ಆ ಗುರುವಾರದ ವಿಷಯ. ನಿನ್ನಲ್ಲಿ ಮಷಿನ್ ಗದ್ದಲಕ್ಕೆ ಎಲ್ಲರೂ ಬಾಯಿ ದೊಡ್ಡದು ಮಾಡಿ ಮಾತಾಡುತ್ತೀರಿ, ತುಟಿ ನೋಡಿ ಅರ್ಧ ತಿಳಿದುಕೊಂಡೆ. ರಿಸೀವರ್ ಕಿವಿಗಿಟ್ಟೆ. ಏನೂ ಇರಲಿಲ್ಲ. ಕರಕರ ಇಲ್ಲ, ಡಯಲ್ ಟೋನೂ ಇಲ್ಲ. ಕಣ್ಣು ತೆರೆದರೆ ನೀನು ನನ್ನ ಮುಖವನ್ನೇ ನೋಡುತ್ತಿದ್ದೆ, ಆ ಆರು ಹುಡುಗಿಯರೂ ನೋಡುತ್ತಿದ್ದರು. ಗೊತ್ತಾಗುತ್ತಿಲ್ಲ ಎನ್ನಲು ಬಾಯಿ ಬರಲಿಲ್ಲ. ಹಾಲಿನಂತಿದೆ ಅಂದೆ. ನಿನಗೆ ಸುಳ್ಳು ಹೇಳಿದ್ದು ನಿಜ, ಇಲಾಖೆಗಾಗಿ ಹೇಳಿದ್ದಲ್ಲ.

ನಿನ್ನ ಪತ್ರಗಳನ್ನು ಮತ್ತೆ ಮತ್ತೆ ಓದಿದೆ. ಹುಡುಗಿಯರು ಟೈಪಿಂಗಿಗೆ ಕೂತಾಗ ಮಾತ್ರ ಕಡಿಯುತ್ತದೆ ಎಂದು ಬರೆದಿದ್ದೀಯಲ್ಲ, ಅದರಲ್ಲೇ ಉತ್ತರವಿದೆ. ನಾನು ನಿನಗೆ ಫೋನ್ ಹಾಕಿದ್ದು ಎಂಬತ್ತೊಂಬತ್ತರಲ್ಲಿ. ಸುರುಳಿಯಲ್ಲಿದ್ದ ವೈರ್ ಮೂರು ಗೇಣು ಕಡಿಮೆ ಬಿತ್ತು. ಕೊಟ್ಟೂರಿಗೆ ಕೊನೆಯ ಬಸ್ಸು ಹಿಡಿಯುವ ಅವಸರದಲ್ಲಿ ಇನ್ನೊಂದು ತುಂಡನ್ನು ಕೈಯಲ್ಲೇ ಹೊಸೆದು ಟೇಪ್ ಸುತ್ತಿ ಮುಚ್ಚಿದೆ. ಅದು ಉದ್ದನೆಯ ಬೆಂಚನ್ನು ಗೋಡೆಗೆ ಹೊಡೆದಿರುವ ಜಾಗದಲ್ಲೇ, ಎರಡನೇ ಕಿಟಕಿಯ ಕೆಳಗೆ. ಬೆಂಚಿನ ಮೇಲೆ ಮಷಿನ್ ಕುಟ್ಟಿದಂತೆಲ್ಲ ಆ ಜಾಯಿಂಟ್ ಅಲುಗಾಡುತ್ತದೆ. ಯರ್ರಿಸ್ವಾಮಿಗೆ ಅಲ್ಲಿ ಒಡೆಯಲು ಹೇಳು. ತಪ್ಪು ನನ್ನ ಕೈಯದೇ, ಇಲಾಖೆಯದ್ದಲ್ಲ.

ಕಾಂತೇಶನ ಬಗ್ಗೆ ನಾನು ಬರೆದದ್ದರಲ್ಲಿ ಅರ್ಧ ಹಟ. ಮನೆಗಾದರೆ ಅವನದೇ ಸಾಕು, ಅಗ್ಗ, ವೇಗವೂ ಹೆಚ್ಚು, ಎರಡು ತಾಸು ನಿಂತರೆ ಮನೆಯಲ್ಲಿ ಯಾರೂ ಸಾಯುವುದಿಲ್ಲ. ಹತ್ತು ಜನ ಕಾದು ಕೂರುವ ಆಫೀಸಿಗೆ ನಿಧಾನವಾದರೂ ನಿಲ್ಲದ್ದು ಬೇಕು. ಇದನ್ನು ಕಿವಿಯಿಂದ ಹೇಳುತ್ತಿಲ್ಲ, ಅನುಭವದಿಂದ ಹೇಳುತ್ತಿದ್ದೇನೆ. ನಂಬುವುದು ಬಿಡುವುದು ನಿನಗೆ ಬಿಟ್ಟದ್ದು.

ಹಾಲೇಶಪ್ಪ


ಹರಪನಹಳ್ಳಿ
2 ಆಗಸ್ಟ್ 2007

ಅಣ್ಣಾ,

ನಿನ್ನ ಪತ್ರ ಬಂದ ದಿನವೇ ಯರ್ರಿಸ್ವಾಮಿಯನ್ನು ಕರೆಸಿದೆ. ಎರಡನೇ ಕಿಟಕಿಯ ಕೆಳಗೆ ಗಾರೆ ಕಿತ್ತಾಗ ಆ ಜಾಯಿಂಟ್ ಸಿಕ್ಕಿತು, ನೀನು ಹೇಳಿದ ಜಾಗಕ್ಕೂ ಅದಕ್ಕೂ ನಾಲ್ಕೇ ಬೆರಳು ವ್ಯತ್ಯಾಸ. ಟೇಪ್ ಪುಡಿಪುಡಿಯಾಗಿತ್ತು, ತಾಮ್ರ ಹಸಿರುಗಟ್ಟಿತ್ತು. "ಹದಿನೆಂಟು ವರ್ಷ ಹೆಂಗ ತಡದೈತೋ ಇದು" ಎಂದು ಯರ್ರಿಸ್ವಾಮಿ ಆಶ್ಚರ್ಯಪಟ್ಟ. ಅದನ್ನು ಕತ್ತರಿಸಿ ಒಂದೇ ಹೊಸ ವೈರ್ ಎಳೆದಿದ್ದಾನೆ. ಎರಡು ದಿನದಿಂದ ದೀಪ ಆರಿಲ್ಲ. ಕಾಂತೇಶನ ವೈರನ್ನು ಗೋಡೆಯ ಆಚೆಗೆ, ಮನೆಯ ಮಗ್ಗಲಿಗೆ ತಿರುಗಿಸಿದ್ದೇನೆ.

ಇನ್ನೊಂದು ವಿಷಯ ಇದೆ, ಅದನ್ನು ಬರೆಯಲು ಕೂತರೆ ಕೈ ಓಡುವುದಿಲ್ಲ, ಎದುರಿಗೆ ಸಿಕ್ಕಾಗ ಹೇಳುತ್ತೇನೆ. ಹತ್ತನೇ ತಾರೀಖು ನೀನು ಬರಬೇಕು. ಮೋಡೆಮ್ ಹತ್ತಿರ ಕೂತರೆ ಸಾಕು, ಲೈನ್ ಹೇಗಿದೆ ಎಂದು ದೀಪವೇ ತೋರಿಸುತ್ತದೆ, ಕೇಳುವ ಕೆಲಸವಿಲ್ಲ. ನೀನಿದ್ದರೆ ನನಗೆ ಧೈರ್ಯ. ಅತ್ತಿಗೆಯ ಮಂಡಿಗೆ ಎಣ್ಣೆ ಕಳಿಸಿದ್ದೇನೆ.

ಗಂಗಾ


ಕೊಟ್ಟೂರು
6 ಆಗಸ್ಟ್ 2007

ಗಂಗಾ, ಬರುತ್ತೇನೆ. ಬೆಳಗಿನ ಮೊದಲ ಬಸ್ಸಿಗೇ ಬರುತ್ತೇನೆ. ಆದರೆ ಯಾರಿಗೂ ಹೇಳಬೇಡ. ಯಾರಾದರೂ ಮಾತಾಡಿಸಿದರೆ ನೆಗಡಿಯಿಂದ ಕಿವಿ ಕಟ್ಟಿದೆ ಎಂದು ನೀನೇ ಉತ್ತರ ಕೊಡು. ನಿನ್ನ ಕೆಲಸ ಕೂಡಿಬರಲಿ, ನನ್ನ ಮಾನವೂ ಉಳಿಯಲಿ.

ಹಾಲೇಶಪ್ಪ


ಹರಪನಹಳ್ಳಿ
12 ಆಗಸ್ಟ್ 2007

ಅಣ್ಣಾ,

ಮೊನ್ನೆ ನಡೆದದ್ದನ್ನೆಲ್ಲ ನೀನು ಕಣ್ಣಾರೆ ಕಂಡಿದ್ದೀ. ಆದರೆ ನೀನು ಕೇಳದೆ ಹೋದದ್ದು ಬಹಳ ಇದೆ. ಅದನ್ನು ನಿನಗೆ ಮುಟ್ಟಿಸುವುದು ನನ್ನ ಜವಾಬ್ದಾರಿ ಎಂದು ಬರೆಯುತ್ತಿದ್ದೇನೆ.

ನೀನು ಮೋಡೆಮ್ ಕಡೆ ಮುಖ ಮಾಡಿ ಕೂತಿದ್ದಾಗ ಪಾಲಾಕ್ಷಪ್ಪನವರು ನಿನ್ನನ್ನು ಮೂರು ಸಲ ಕರೆದರು. ನೀನು ತಿರುಗಲಿಲ್ಲ. ಅವರ ಮುಖ ಕೆಂಪಾಯಿತು. "ಏನ್ರಿ ಇವ್ರು, ಕರದ್ರ ತಿರುಗಿ ಸೈತ ನೋಡಂಗಿಲ್ಲ. ಇಂಥವ್ರನ್ನ ನಂಬಿ ಹುಡುಗರನ್ನ ಕಳಸಬೇಕಾ" ಅಂದರು. ನಾನು ನೆಗಡಿಯ ಕಥೆ ಹೇಳಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ನೀನೇ ತಿರುಗಿದೆ, ಎಲ್ಲರ ಮುಖ ನೋಡಿದೆ, ಎದ್ದು ನಿಂತೆ.

"ನನಗ ಕಿವಿ ಕೇಳಂಗಿಲ್ರಿ ಸರ್. ಬರದು ಕೊಡ್ರಿ, ಉತ್ತರ ಹೇಳ್ತೀನಿ."

ಎಷ್ಟು ಜೋರಾಗಿ ಅಂದೆ ಎಂದು ನಿನಗೆ ಗೊತ್ತಿಲ್ಲ. ಎದುರಿನ ಕಂಪ್ಯೂಟರ್ ಅಂಗಡಿಯವನೂ ಇಣುಕಿ ನೋಡಿದ. ಆಮೇಲೆ ಅವರು ಚೀಟಿಯಲ್ಲಿ ಬರೆದು ಕೇಳಿದ್ದು, ಟೈಪಿಂಗ್ ನಡೆಯುವಾಗ ಕಡಿಯುತ್ತದಂತೆ ನಿಜವೇ ಎಂದಲ್ಲವೇ? ನೀನು ಹತ್ತೂ ಮಷಿನ್ ಒಮ್ಮೆಗೇ ಹೊಡೆಯಿರಿ ಅಂದೆ. ನಮ್ಮ ಆರು ಹುಡುಗಿಯರ ಜೊತೆ ಕಾಲೇಜಿನ ನಾಲ್ವರು ಕೂತು ಹೊಡೆದ ಹೊಡೆತಕ್ಕೆ ಕಿಟಕಿಯ ಗಾಜು ಅದುರುತ್ತಿತ್ತು. ನೀನು ಮಾತ್ರ ದೀಪ ನೋಡುತ್ತ ಕೂತಿದ್ದೆ. ದೀಪ ಅಲುಗಲಿಲ್ಲ.

ಆ ಗದ್ದಲದಲ್ಲೇ ಪಾಲಾಕ್ಷಪ್ಪನವರು ನನ್ನ ಹತ್ತಿರ ಬಂದು, ನಾನು ಅವಸರಪಟ್ಟು ಅಂದುಬಿಟ್ಟೆ, ತಪ್ಪು ತಿಳಿಯಬೇಡಿ ಅಂದರು. ಮೂವತ್ತು ವಿದ್ಯಾರ್ಥಿಗಳನ್ನು ಈ ತಿಂಗಳಿಂದಲೇ ಕಳಿಸುತ್ತಾರೆ, ಉಳಿದ ಮೂವತ್ತು ಜನರನ್ನು ಎದುರಿನ ಅಂಗಡಿಗೆ ಕಳಿಸುವುದಾಗಿ ಮಾತು ಕೊಟ್ಟಾಗಿದೆಯಂತೆ. ಮೂವತ್ತೇ ಸಾಕು ನನಗೆ. ಬಾಗಿಲು ಮುಚ್ಚುವುದಿಲ್ಲ.

ದ್ಯಾಮಕ್ಕ ಮೂಲೆಯಲ್ಲಿ ಕೂತು ನಿನ್ನನ್ನೇ ನೋಡುತ್ತಿದ್ದಳು. "ಈ ಯಪ್ಪ ನಮ್ಮ ಓಣಿ ಕಂಬ ಹತ್ತಿದ್ದಕ್ಕ ನಾನು ಸೊಲ್ಲಾಪುರದಾಗಿದ್ದ ಮಗಳ ದನಿ ಕೇಳೀನಿ. ಈಗ ಆತಗೇ ಕೇಳಂಗಿಲ್ಲಂದ್ರ ಹೆಂಗವ್ವಾ" ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಡಿಕೊಂಡವರು ಯಾರೂ ಇಲ್ಲ ಅಣ್ಣಾ. ಇದ್ದರೆ ಅದನ್ನೂ ಬರೆಯುತ್ತಿದ್ದೆ.

ಇನ್ನೊಂದಿದೆ. ಎಲ್ಲರೂ ಹೋಗಲು ಏಳುತ್ತಿದ್ದಾಗ ನೀನಿನ್ನೂ ಮೋಡೆಮ್ ಮುಂದೆಯೇ ಕೂತಿದ್ದೆ. ನಾನು ನಿನ್ನ ಬೆನ್ನ ಹಿಂದೆ ಬಂದು ನಿಂತು, "ಅಣ್ಣಾ, ತಪ್ಪಾತು. ಆ ಕಾಗದ ನಾನು ಬರೀಬಾರದಿತ್ತು" ಅಂದೆ. ಮೆಲ್ಲಗೇನೂ ಅನ್ನಲಿಲ್ಲ, ಹುಡುಗಿಯರು ತಿರುಗಿ ನೋಡಿದರು. ನೀನು ದೀಪ ನೋಡುತ್ತಲೇ ಇದ್ದೆ. ಎದುರಿಗೆ ಬಂದು ಇನ್ನೊಮ್ಮೆ ಹೇಳಲು ನನಗೆ ಧೈರ್ಯ ಬರಲಿಲ್ಲ. ಬಸ್ಸಿಗೆ ಹತ್ತಿಸಿ ಬಂದುಬಿಟ್ಟೆ.

ಅದಕ್ಕೇ ಇಲ್ಲಿ ಬರೆದಿದ್ದೇನೆ. ಓದಿಕೊ.

ನಿನ್ನ ಗಂಗಾ